ಹವಳದ ಟ್ಯಾಂಕಿಗೆ ಏನು ಹಾಕೋಣ: ನೀರು ಬದಲಾವಣೆ, ಒಂದೇ ಬಾಟಲಿ, ಎರಡು ಬಾಟಲಿ, ಇಲ್ಲಾ ಸುಣ್ಣದ ತಿಳಿ?

ಡೊಂಬಿವಲಿಯ ಎರಡಡಿ ಟ್ಯಾಂಕಿನವರು ಕೇಳುತ್ತಾರೆ. ಪುಣೆಯ ಕೋಥ್ರೂಡಿನ ನಾಲ್ಕಡಿ ಟ್ಯಾಂಕಿನವರು ಕೇಳುತ್ತಾರೆ. ವಾಸ್ಕೋದಲ್ಲಿ ಕೆಲಸಕ್ಕಿರುವ ಹುಬ್ಬಳ್ಳಿಯ ಹುಡುಗನೂ ಕೇಳುತ್ತಾನೆ: "ಅಣ್ಣ, ಹವಳಕ್ಕೆ ಯಾವ ಬಾಟಲಿ ತರಲಿ?" ಅಂಗಡಿಗೆ ಹೋದರೆ ಕಪಾಟಿನ ತುಂಬ ಬಾಟಲಿ. ಯೂಟ್ಯೂಬ್ ನೋಡಿದರೆ ಕ್ಯಾಲ್ಸಿಯಂ ರಿಯಾಕ್ಟರ್ ಅನ್ನುವ ಯಂತ್ರ ಇಲ್ಲದೆ ಹವಳವೇ ಬೆಳೆಯೋದಿಲ್ಲ ಅನ್ನಿಸುತ್ತದೆ. ಗೆಳೆಯರನ್ನು ಕೇಳಿದರೆ "ಸುಮ್ನೆ ವಾರಕ್ಕೊಮ್ಮೆ ನೀರು ಬದಲಿಸು, ಸಾಕು" ಎನ್ನುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲರೂ ಅವರವರ ಟ್ಯಾಂಕಿನ ಬಗ್ಗೆ ಮಾತಾಡುತ್ತಿದ್ದಾರೆ, ನಿಮ್ಮದರ ಬಗ್ಗೆ ಅಲ್ಲ, ಅಷ್ಟೇ.

ಬಾಟಲಿ ಆರಿಸುವ ಮುಂಚೆ ಒಂದು ಅಂಕಿ ಬೇಕು. ನಿಮ್ಮ ಟ್ಯಾಂಕ್ ದಿನಕ್ಕೆ ಎಷ್ಟು ಆಲ್ಕಲಿನಿಟಿ (ಹವಳ ಬಳಸುವ ಕಾರ್ಬೊನೇಟಿನ ಅಳತೆ) ಖರ್ಚು ಮಾಡುತ್ತದೆ ಅನ್ನುವ ಅಂಕಿ. ಅದು ಕೈಗೆ ಸಿಕ್ಕಿದರೆ ಅರ್ಧ ಆಯ್ಕೆಗಳು ತಾವಾಗೇ ಬಿದ್ದುಹೋಗುತ್ತವೆ.

ಮೊದಲು ಅಳತೆ

ಗಟ್ಟಿ ಹವಳ ತನ್ನ ಗೂಡನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕಟ್ಟುತ್ತದೆ. ಕಲ್ಲಿನ ಮೇಲೆ ನೇರಳೆ ಬಣ್ಣಕ್ಕೆ ಹರಡುತ್ತದಲ್ಲ ಕೋರಲೈನ್ ಪಾಚಿ, ಅದೂ ಅದನ್ನೇ ಮಾಡುತ್ತದೆ. ಇದಕ್ಕೆ ಬೇಕಾದ ಎರಡು ಸಾಮಾನು ನೀರಿನಲ್ಲಿವೆ: ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್. ಎರಡನೆಯದನ್ನು ನಾವು ಆಲ್ಕಲಿನಿಟಿ ಎಂದು ಅಳೆಯುತ್ತೇವೆ. ಸಮುದ್ರದಲ್ಲಿ ಕ್ಯಾಲ್ಸಿಯಂ ಸುಮಾರು 410ರಿಂದ 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು), ಆಲ್ಕಲಿನಿಟಿ 7 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಆಸುಪಾಸು, ಮೆಗ್ನೀಸಿಯಂ 1300ರ ಹತ್ತಿರ. ಮನೆಯ ಟ್ಯಾಂಕಿನಲ್ಲಿ ಆಲ್ಕಲಿನಿಟಿ 7.5ರಿಂದ 9, ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1400 ಇದ್ದರೆ ಚಿಂತೆ ಬೇಡ. ಈ ವ್ಯಾಪ್ತಿಯೊಳಗೆ ಎಲ್ಲಿದ್ದರೂ ಸರಿ. ಒಂದು ಕಡೆ ನಿಂತಿರಬೇಕು, ಅದು ಮುಖ್ಯ. ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಏರಿಳಿತವಾದರೆ ಆಕ್ರೊಪೊರಾದಂಥ ನಾಜೂಕು ಗಟ್ಟಿ ಹವಳ ಮುನಿಸಿಕೊಳ್ಳುತ್ತದೆ.

ಇವೆರಡೂ ಒಂದು ಲೆಕ್ಕದಲ್ಲಿ ಖರ್ಚಾಗುತ್ತವೆ. ಆಲ್ಕಲಿನಿಟಿ 1 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಇಳಿಯುತ್ತದೆ. ಹಾಗಾಗಿ ಕ್ಯಾಲ್ಸಿಯಂ ಟೆಸ್ಟ್ ಮಾಡುತ್ತಾ ಕೂತರೆ ಖರ್ಚು ಗೊತ್ತಾಗುವುದೇ ಇಲ್ಲ. 420 ಇದ್ದದ್ದು 412 ಆದರೆ ಮನೆಯ ಟೆಸ್ಟ್ ಕಿಟ್‌ನ ಹೆಚ್ಚುಕಡಿಮೆಯಲ್ಲೇ ಅದು ಮುಚ್ಚಿಹೋಗುತ್ತದೆ. ಅದೇ ಹೊತ್ತಿಗೆ ಆಲ್ಕಲಿನಿಟಿ 8.4ರಿಂದ 7.2ಕ್ಕೆ ಬಂದಿರುತ್ತದೆ. ಅದನ್ನು ಯಾವ ಕಿಟ್ ಆದರೂ ತೋರಿಸುತ್ತದೆ.

ಅಳೆಯುವುದು ಹೀಗೆ. ಟ್ಯಾಂಕನ್ನು 8 ಡಿಕೆಎಚ್ ಆಸುಪಾಸಿಗೆ ತನ್ನಿ. ಆಮೇಲೆ ಮೂರು ದಿನ ಏನೂ ಹಾಕಬೇಡಿ, ಟ್ಯಾಂಕಿನ ಉಪ್ಪುನೀರನ್ನೂ ಬದಲಿಸಬೇಡಿ. ಆವಿಯಾದಷ್ಟು ಸಿಹಿನೀರು ಮಾತ್ರ ಹಾಕಿ. ಮೊದಲ ದಿನ ಮತ್ತು ಕೊನೆಯ ದಿನ ಒಂದೇ ಹೊತ್ತಿಗೆ ಟೆಸ್ಟ್ ಮಾಡಿ. ಸೋಮವಾರ ರಾತ್ರಿ 8.4, ಗುರುವಾರ ರಾತ್ರಿ 7.2 ಬಂದರೆ ಮೂರು ದಿನಕ್ಕೆ 1.2, ಅಂದರೆ ದಿನಕ್ಕೆ 0.4. ಇದೇ ನಿಮ್ಮ ಅಂಕಿ.

ಸ್ಯಾಲಿಫರ್ಟ್‌ನಂಥ ಬಣ್ಣ ಬದಲಾಗುವ ಕಿಟ್ ಇದಕ್ಕೆ ಸಾಕು. ಆದರೆ ಬಣ್ಣ ಯಾವ ಹನಿಗೆ ಗುಲಾಬಿಯಾಯಿತು ಅನ್ನುವುದರಲ್ಲಿ ಗಂಡ ಒಂದು ಹೇಳುತ್ತಾರೆ, ಹೆಂಡತಿ ಇನ್ನೊಂದು ಹೇಳುತ್ತಾರೆ. ಯಾರಾದರೂ ಒಬ್ಬರೇ, ಒಂದೇ ಟ್ಯೂಬ್‌ಲೈಟಿನ ಕೆಳಗೆ ನೋಡಿ. ಈ ಜಗಳ ಬೇಡ ಅಂದರೆ ಹನ್ನಾ ಕಂಪನಿಯ ಆಲ್ಕಲಿನಿಟಿ ಚೆಕರ್ ಇದೆ, ನೇರವಾಗಿ ಅಂಕಿ ತೋರಿಸುತ್ತದೆ. ಪೂರ್ತಿ ಬಜೆಟ್ಟಿನಲ್ಲಿ ಒಂದೇ ಒಂದು ವಸ್ತುವಿಗೆ ದುಡ್ಡು ಜಾಸ್ತಿ ಹಾಕುವುದಾದರೆ ನಾನು ಇದಕ್ಕೇ ಹಾಕುತ್ತೇನೆ, ಯಾವ ಬಾಟಲಿಗೂ ಅಲ್ಲ.

ಅಂಕಿಯ ಜೊತೆಗೆ ಇನ್ನು ನಾಲ್ಕು ವಿಷಯ ನೋಡಿಕೊಳ್ಳಿ. ಟ್ಯಾಂಕಿನಿಂದ ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ. ಬೆಳಗ್ಗೆ ಲೈಟ್ ಹತ್ತುವ ಮುಂಚೆ ಪಿಎಚ್ ಎಷ್ಟಿರುತ್ತದೆ. ನೀವು ಮನೆಯಲ್ಲಿ ಇಲ್ಲದಾಗ ಯಾರು ನೋಡಿಕೊಳ್ಳುತ್ತಾರೆ. ಒಂದೇ ಸಲ ದೊಡ್ಡ ಮೊತ್ತ ಹಾಕಬಲ್ಲಿರಾ, ಇಲ್ಲಾ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಅನುಕೂಲವಾ. ಕೆಳಗಿನ ಆಯ್ಕೆಗಳನ್ನೆಲ್ಲ ನಾನು ಇವುಗಳ ಮೇಲೇ ತೂಗುತ್ತೇನೆ.

ನೀರು ಸರಿಯಿಲ್ಲದೆ ಲೆಕ್ಕವೂ ಸರಿಯಾಗದು

ಮುಂಬೈ ಮಹಾನಗರಪಾಲಿಕೆಯ ನೀರು ಭಾತ್ಸಾ, ವೈತರಣಾ, ತಾನ್ಸಾ ಮುಂತಾದ ಏಳು ಕೆರೆಗಳಿಂದ ಬರುತ್ತದೆ. ಮೆದು ನೀರು, ಆದರೆ ಕ್ಲೋರಿನ್ ಇರುತ್ತದೆ. ಪುಣೆಯಲ್ಲಿ ಖಡಕವಾಸ್ಲಾ ನೀರು ಬರುವ ಮನೆ ಬೇರೆ, ಟ್ಯಾಂಕರಿನ ಮೇಲೆ ಬದುಕುವ ಹೊರವಲಯದ ಸೊಸೈಟಿ ಬೇರೆ. ಬೋರ್‌ವೆಲ್ ನೀರಿನ ಟ್ಯಾಂಕರ್ ಬಂದ ದಿನ ಟಿಡಿಎಸ್ (ನೀರಿನಲ್ಲಿ ಕರಗಿದ ಖನಿಜ) ಅಳೆಯುವ ಮೀಟರ್ ಹಾಕಿ ನೋಡಿದರೆ ಗೊತ್ತಾಗುತ್ತದೆ. ಅಡುಗೆಮನೆಯ ಆರ್‌ಓ ನೀರು ಕುಡಿಯಲು ಚೆನ್ನ, ಹವಳಕ್ಕೆ ಸಾಲದು. ಅದರಲ್ಲಿ ರುಚಿಗೆಂದು ಖನಿಜವನ್ನು ಮತ್ತೆ ಬೆರೆಸಿರುತ್ತಾರೆ. ಆರ್‌ಓ ಆದಮೇಲೆ, ಉಳಿದ ಖನಿಜವನ್ನೂ ಹೀರಿಕೊಳ್ಳುವ ಒಂದು ಡಿಐ ರೆಸಿನ್ ಕೊಳವೆ ಸೇರಿಸಿ, ಟಿಡಿಎಸ್ 0 ಬರಲಿ.

ಉಪ್ಪಿನಂಶ 35 ಪಿಪಿಟಿ (ಸಾವಿರ ಪಾಲಿನಲ್ಲಿ 35 ಪಾಲು) ಇರಲಿ. ಅದು 31 ಇದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಕಡಿಮೆಯೇ ತೋರಿಸುತ್ತವೆ. ಆಗ ಬೇಕಿರುವುದು ಹವಳದ ಟ್ಯಾಂಕಿಗೆಂದೇ ಮಾರುವ ಉಪ್ಪು, ಬಾಟಲಿ ಅಲ್ಲ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೊಮೀಟರನ್ನು 35 ಪಿಪಿಟಿ ದ್ರಾವಣದಿಂದಲೇ ಸರಿಮಾಡಿಕೊಳ್ಳಿ.

ವಾಸ್ಕೋದ ಹುಡುಗನ ಇನ್ನೊಂದು ಪ್ರಶ್ನೆ: "ಬೈನಾ ಬೀಚಿನ ನೀರೇ ಕ್ಯಾನಿನಲ್ಲಿ ತಂದ್ರೆ ಉಪ್ಪಿನ ಖರ್ಚು ಉಳಿಯಲ್ವಾ ಅಣ್ಣ?" ಉಳಿಯುತ್ತದೆ ಮಾರಾಯಾ, ಹವಳ ಉಳಿಯುವುದಿಲ್ಲ. ಪಕ್ಕದಲ್ಲೇ ಬಂದರು, ಇತ್ತ ಜುವಾರಿ ನದಿಯ ಬಾಯಿ. ಮಳೆಗಾಲದಲ್ಲಿ ಆ ನೀರಿನ ಉಪ್ಪಿನಂಶ ಎಲ್ಲಿಗೋ ಇಳಿದಿರುತ್ತದೆ. ಮುಂಬೈ ತೀರದ ನೀರಿನ ಬಗ್ಗೆಯಂತೂ ಕೇಳಲೇಬೇಡಿ. ಹಾಗೆಯೇ ನಮ್ಮ ತೀರದ ಗಟ್ಟಿ ಹವಳವನ್ನು ಕಿತ್ತು ತರುವ ಆಸೆಯೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಬರೀ ನೀರು ಬದಲಾವಣೆ

ಎಲ್ಲಕ್ಕಿಂತ ಸರಳ. ಬೇರೆ ಸಾಮಾನು ಬೇಡ, ಪಂಪ್ ಬೇಡ, ಅಳತೆಯ ತಲೆನೋವೂ ಕಡಿಮೆ. ಆದರೆ ಇದರ ಶಕ್ತಿ ಜನ ಅಂದುಕೊಂಡಷ್ಟಿಲ್ಲ. ಲೆಕ್ಕ ನೋಡಿ. ಟ್ಯಾಂಕಿನಲ್ಲಿ 8 ಡಿಕೆಎಚ್ ಇದೆ. ಹೊಸ ಉಪ್ಪಿನ ನೀರಿನಲ್ಲಿ 11 ಇದೆ, ಇದು ಧಾರಾಳದ ಉಪ್ಪು. ಹತ್ತು ಶೇಕಡಾ ಬದಲಿಸಿದರೆ ಏರುವುದು 0.3. ವಾರಕ್ಕೆ 0.3 ಅಂದರೆ ದಿನಕ್ಕೆ 0.04 ಮಾತ್ರ! ಇಪ್ಪತ್ತು ಶೇಕಡಾ ಬದಲಿಸಿದರೂ 0.1 ಮುಟ್ಟುವುದಿಲ್ಲ.

ಹಾಗಾದರೆ ಇದು ಯಾರಿಗೆ? ಮಶ್ರೂಮ್, ಜೋವಾ, ಲೆದರ್, ಜೀನಿಯಾದಂಥ ಮೆತ್ತನೆ ಹವಳ ಮಾತ್ರ ಇಟ್ಟವರಿಗೆ. ಇವುಗಳಿಗೆ ಕಲ್ಲಿನ ಗೂಡು ಇಲ್ಲ, ಖರ್ಚು ತೀರಾ ಕಡಿಮೆ. ಚಿಕ್ಕ ನ್ಯಾನೊ ಟ್ಯಾಂಕಿನವರಿಗೂ ಸರಿ, 40 ಲೀಟರಿನಲ್ಲಿ ವಾರಕ್ಕೆ 8 ಲೀಟರ್ ಬದಲಿಸುವುದು ಕಷ್ಟವಲ್ಲ. ನಿಮ್ಮ ಅಂಕಿ 0.1ರ ಒಳಗಿದ್ದರೆ ಇಲ್ಲೇ ನಿಲ್ಲಿ, ಮುಂದಿನದಕ್ಕೆ ದುಡ್ಡು ಸುರಿಯಬೇಡಿ. ಹ್ಯಾಮರ್, ಟಾರ್ಚ್‌ನಂಥ ಗಟ್ಟಿ ಹವಳ ಒಂದೆರಡು ಸೇರಿ ಅವು ಕವಲೊಡೆಯತೊಡಗಿದರೆ ಆಗ ನೋಡೋಣ.

ದೊಡ್ಡ ಟ್ಯಾಂಕಿನವರು ಬರೀ ನೀರು ಬದಲಿಸಿಯೇ ಗಟ್ಟಿ ಹವಳ ಸಾಕುತ್ತೇನೆ ಅಂದರೆ ಉಪ್ಪಿನ ಖರ್ಚೇ ಎಲ್ಲ ಬಾಟಲಿಗಳ ಖರ್ಚನ್ನು ಮೀರಿಸುತ್ತದೆ.

ಒಂದೇ ಬಾಟಲಿ

ಟ್ರೋಪಿಕ್ ಮರೀನ್ ಕಂಪನಿಯ ಆಲ್ ಫಾರ್ ರೀಫ್ ಈ ಬಗೆಯದು. ಒಳಗಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾರ್ಮೇಟ್, ಜೊತೆಗೆ ಮೆಗ್ನೀಸಿಯಂ ಮತ್ತು ಚೂರುಪಾರು ಖನಿಜಗಳು. ಫಾರ್ಮೇಟನ್ನು ಟ್ಯಾಂಕಿನ ಬ್ಯಾಕ್ಟೀರಿಯಾ ತಿಂದು ಕಾರ್ಬೊನೇಟ್ ಮಾಡಿಕೊಡುತ್ತವೆ. ಹಾಗಾಗಿಯೇ ಒಂದೇ ಬಾಟಲಿಯಲ್ಲಿ ಎಲ್ಲ ಇಡಲು ಆಗುವುದು. ನೇರ ಕಾರ್ಬೊನೇಟ್ ಆಗಿದ್ದರೆ ಬಾಟಲಿಯೊಳಗೇ ಗಟ್ಟಿಯಾಗಿ ತಳ ಸೇರುತ್ತಿತ್ತು.

ಅನುಕೂಲ ಸ್ಪಷ್ಟ. ಒಂದೇ ಅಳತೆ, ದಿನವೂ ಅಳತೆಯಂತೆ ತಾನೇ ಹಾಕುವ ಡೋಸಿಂಗ್ ಪಂಪ್ ಇಟ್ಟರೂ ಒಂದೇ ಚಾನೆಲ್ (ಒಂದು ಬಾಟಲಿಗೆ ಒಂದು ಕೊಳವೆ) ಸಾಕು. ಎರಡೂ ಅಳತೆಗಳು ತಾವಾಗೇ ಹೊಂದಿಕೊಂಡು ಏರುತ್ತವೆ. ಅನಾನುಕೂಲ ಮೂರು. ಹಾಕಿದ ಕೂಡಲೇ ಆಲ್ಕಲಿನಿಟಿ ಏರುವುದಿಲ್ಲ, ಬ್ಯಾಕ್ಟೀರಿಯಾ ಕೆಲಸ ಮುಗಿಸಬೇಕು. ಬಿದ್ದ ಅಂಕಿಯನ್ನು ಎತ್ತಲು ಇದು ಆಗದು, ಇದ್ದಲ್ಲೇ ಇಡಲು ಮಾತ್ರ. "ಇನ್ನೂ ಏರಿಲ್ಲ" ಎಂದು ಸಂಜೆ ಮತ್ತೊಂದು ಮುಚ್ಚಳ ಸುರಿಯುವವರಿಗೆ ಇದು ಹೊಂದುವುದಿಲ್ಲ. ಪಿಎಚ್ ಏರಿಸಲೂ ಇದು ನೆರವಾಗುವುದಿಲ್ಲ. ಕೊನೆಯದು ಬೆಲೆ. 100 ಲೀಟರಿನ ಟ್ಯಾಂಕಿಗೆ ಒಂದು ಬಾಟಲಿ ತುಂಬ ದಿನ ಬರುತ್ತದೆ. 400 ಲೀಟರಿಗೆ, ಅದೂ ಗಟ್ಟಿ ಹವಳ ತುಂಬಿದ್ದಕ್ಕೆ, ಹಾಲಿನ ಪ್ಯಾಕೆಟ್ಟಿನ ಹಾಗೆ ತರುತ್ತಲೇ ಇರಬೇಕು. ಪುಡಿ ರೂಪದ್ದನ್ನು ತಂದು ಮನೆಯಲ್ಲೇ ಕರಗಿಸಿಕೊಂಡರೆ ಸ್ವಲ್ಪ ಹಗುರ.

ದಿನಕ್ಕೆ 0.1ರಿಂದ 0.5 ಖರ್ಚಾಗುವ, ಎರಡು ಮೂರು ಅಡಿಯ, ಮಿಶ್ರ ಹವಳದ ಟ್ಯಾಂಕಿಗೆ ನಾನು ಮೊದಲು ಹೇಳುವುದು ಇದನ್ನೇ.

ಎರಡು ಬಾಟಲಿ, ಅಂಗಡಿಯದೋ ಮನೆಯದೋ

ಒಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಸೋಡಿಯಂ ಕಾರ್ಬೊನೇಟ್ ಅಥವಾ ಬೈಕಾರ್ಬೊನೇಟ್. ಎರಡನ್ನೂ ಸಮ ಪ್ರಮಾಣದಲ್ಲಿ ಹಾಕುವುದು. ಒಟ್ಟಿಗೆ ಮಾತ್ರ ಹಾಕಬಾರದು. ಎರಡೂ ಒಂದೇ ಜಾಗಕ್ಕೆ ಬಿದ್ದರೆ ಬಿಳಿ ಮೋಡ ಏಳುತ್ತದೆ. ಹವಳಕ್ಕೆ ಹೋಗಬೇಕಾದದ್ದು ಪಂಪಿನ ರೆಕ್ಕೆಗೂ ಹೀಟರಿಗೂ ಅಂಟಿಕೊಳ್ಳುತ್ತದೆ. ನೀರು ಜೋರಾಗಿ ಹರಿಯುವ ಕಡೆ ಒಂದನ್ನು ಹಾಕಿ, ಅರ್ಧ ಗಂಟೆ ಬಿಟ್ಟು ಇನ್ನೊಂದು.

ಇದರ ಬಲ ಅಂದರೆ ಹಿಡಿತ. ಯಾವುದು ಕಡಿಮೆಯೋ ಅದನ್ನೇ ಏರಿಸಬಹುದು. ಹಾಕಿದ್ದು ಆಗಲೇ ಕಾಣುತ್ತದೆ. ಟ್ಯಾಂಕ್ ಎಷ್ಟು ದೊಡ್ಡದಾದರೂ ನಡೆಯುತ್ತದೆ. ಸೋಡಿಯಂ ಕಾರ್ಬೊನೇಟ್ ಬಳಸಿದರೆ ಪಿಎಚ್ ಕೂಡ ಸ್ವಲ್ಪ ಏರುತ್ತದೆ. ಬದಿಯ ಪರಿಣಾಮ ಒಂದಿದೆ: ಇವೆರಡೂ ಖರ್ಚಾದ ಮೇಲೆ ಉಳಿಯುವುದು ಉಪ್ಪು. ದಿನಕ್ಕೆ 1 ಡಿಕೆಎಚ್ ಹಾಕುವ ಟ್ಯಾಂಕಿನಲ್ಲಿ ತಿಂಗಳಿಗೆ ಸುಮಾರು 0.6 ಪಿಪಿಟಿ ಏರುತ್ತದೆ. ತಿಂಗಳಿಗೆ ಎರಡು ಸಲ ನೀರು ಬದಲಿಸಿ, ಉಪ್ಪಿನಂಶ ನೋಡಿಕೊಂಡರೆ ಅದೇನೂ ದೊಡ್ಡದಲ್ಲ.

ಮನೆಯಲ್ಲೇ ಮಾಡಿಕೊಳ್ಳುವುದು ಇದರ ದೊಡ್ಡ ಆಕರ್ಷಣೆ. ಅಮೆರಿಕದ ರಸಾಯನಶಾಸ್ತ್ರಜ್ಞ ರ್‍ಯಾಂಡಿ ಹೋಮ್ಸ್-ಫಾರ್ಲಿ ಇದರ ಅಳತೆಗಳನ್ನು ಎಲ್ಲರಿಗೂ ಬಿಚ್ಚಿಟ್ಟಿದ್ದಾರೆ. ಅದೇ ದಾರಿಯಲ್ಲಿ ಲೀಟರ್ ಲೆಕ್ಕಕ್ಕೆ ಇಳಿಸಿದರೆ ಹೀಗೆ. 157 ಗ್ರಾಂ ಅಡುಗೆ ಸೋಡಾ ತೂಗಿಕೊಳ್ಳಿ. ಬೇಕಿಂಗ್ ಪೌಡರ್ ಅಲ್ಲ, ಬರೀ ಸೋಡಾ. ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ. ನೀರು, ಇಂಗಾಲದ ಡೈಆಕ್ಸೈಡ್ ಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ತಣಿದ ಮೇಲೆ ಡಿಐ ನೀರಿಗೆ ಹಾಕಿ ಒಟ್ಟು 1 ಲೀಟರ್ ಮಾಡಿ. ಇನ್ನೊಂದು ಬಾಟಲಿಗೆ 136 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್, ಅದನ್ನೂ 1 ಲೀಟರ್ ಮಾಡಿ. ಚೀಟಿಯಲ್ಲಿ ಅನ್‌ಹೈಡ್ರಸ್ ಎಂದಿದ್ದರೆ 102 ಗ್ರಾಂ ಸಾಕು. ಕರಗುವಾಗ ಬಿಸಿಯಾಗುತ್ತದೆ, ಗಾಜಿನ ಬಾಟಲಿ ಬೇಡ.

ಓವನ್ ಇಲ್ಲವಾ? ಸೋಡಾವನ್ನು ಕಾಯಿಸದೆಯೇ ಕರಗಿಸಬಹುದು. ಆದರೆ ಅಷ್ಟು ಕರಗುವುದಿಲ್ಲ. ಎರಡೂ ಬಾಟಲಿಗೆ ಅರ್ಧ ತೂಕ ಹಾಕಿ, ಟ್ಯಾಂಕಿಗೆ ಎರಡರಷ್ಟು ಹಾಕಿ. ಇದು ಪಿಎಚ್ ಏರಿಸುವುದಿಲ್ಲ, ಅದೊಂದೇ ವ್ಯತ್ಯಾಸ.

ಪೂರ್ತಿ ಗಟ್ಟಿಯ ದ್ರಾವಣದಲ್ಲಿ 10 ಮಿಲಿ ಹಾಕಿದರೆ 100 ಲೀಟರ್ ನೀರಿನಲ್ಲಿ ಸುಮಾರು 0.5 ಡಿಕೆಎಚ್ ಏರುತ್ತದೆ. ಅಂದರೆ ದಿನಕ್ಕೆ 0.4 ಖರ್ಚಾಗುವ ಡೊಂಬಿವಲಿಯ 100 ಲೀಟರ್ ಟ್ಯಾಂಕಿಗೆ ಎರಡರಿಂದಲೂ 8 ಮಿಲಿ. ದಿನಕ್ಕೆ 1 ಖರ್ಚಾಗುವ ಕೋಥ್ರೂಡಿನ 400 ಲೀಟರಿಗೆ ಎರಡರಿಂದಲೂ 80 ಮಿಲಿ ಹತ್ತಿರ. ಅಷ್ಟು ದೊಡ್ಡ ಟ್ಯಾಂಕಿಗೂ ತಿಂಗಳಿಗೆ ನಾನೂರು ಗ್ರಾಂ ಒಳಗೇ ಸೋಡಾ. ಕಿರಾಣಿ ಅಂಗಡಿಯ ಖರ್ಚು, ಅಷ್ಟೇ.

ಕ್ಯಾಲ್ಸಿಯಂ ಕ್ಲೋರೈಡ್ ಮಾತ್ರ ನೋಡಿ ತನ್ನಿ. ತೇವ ಹೀರುವ ಡಬ್ಬಿಗಳಲ್ಲಿ ಬರುವ ಕೈಗಾರಿಕಾ ದರ್ಜೆಯದು ಬೇಡ, ಆಹಾರ ದರ್ಜೆ ಅಥವಾ ಲ್ಯಾಬ್ ದರ್ಜೆಯದು ತನ್ನಿ. ಇನ್ನು ಮುಂಬೈ, ಗೋವಾದ ಮಳೆಗಾಲ. ಜುಲೈಯಲ್ಲಿ ಪೊಟ್ಟಣದ ಬಾಯಿ ಬಿಚ್ಚಿ ಕಟ್ಟೆಯ ಮೇಲಿಟ್ಟು ಒಂದು ಫೋನ್ ಮಾತಾಡಿ ಬನ್ನಿ. ಒಣಗಿದ್ದ ಬಿಳಿ ಚಕ್ಕೆಗಳ ಅಂಚು ಹೊಳೆಯುತ್ತಿರುತ್ತದೆ, ಚಮಚಕ್ಕೆ ಅಂಟುತ್ತದೆ. ಮರುದಿನ ಪೊಟ್ಟಣದ ತಳದಲ್ಲಿ ನೀರು ನಿಂತಿರುತ್ತದೆ. ಆಮೇಲೆ ತೂಗಿದರೆ ಅರ್ಧ ತೂಕ ಗಾಳಿಯ ತೇವದ್ದೇ. ಹಾಗಾಗಿ ಪೊಟ್ಟಣ ಬಿಚ್ಚಿದ ದಿನವೇ ಪೂರ್ತಿ ಕರಗಿಸಿ ಕ್ಯಾನಿನಲ್ಲಿಡಿ. ದ್ರಾವಣ ಕೆಡುವುದಿಲ್ಲ. ಉಪ್ಪಿನ ಬಕೆಟ್ಟಿಗೂ ಇದೇ ಎಚ್ಚರ ಬೇಕು, ಮುಚ್ಚಳ ಸಡಿಲವಾದರೆ ಅದು ಕಲ್ಲಾಗುತ್ತದೆ.

ಮೆಗ್ನೀಸಿಯಂ ನಿಧಾನವಾಗಿ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ, ಕಾರ್ಬೊನೇಟ್ ತಾವಾಗಿ ಕೂಡಿ ತಳ ಸೇರದಂತೆ ತಡೆಯುವುದು ಅದರ ಕೆಲಸ. ತಿಂಗಳಿಗೊಮ್ಮೆ ನೋಡಿ, 1250ಕ್ಕಿಂತ ಕೆಳಗೆ ಬಂದರೆ ಮಾತ್ರ ಬೇರೆ ಬಾಟಲಿ ತನ್ನಿ.

ಸುಣ್ಣದ ತಿಳಿ

ಕಾಲ್ಕ್‌ವಾಸರ್ ಎಂದು ಕೇಳಿರುತ್ತೀರಿ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಡಿಐ ನೀರಿನಲ್ಲಿ ಕದಡಿ, ತಳ ಇಳಿದ ಮೇಲೆ ಮೇಲಿನ ತಿಳಿಯನ್ನು ಆವಿಯಾದ ನೀರಿನ ಬದಲು ಹನಿಹನಿಯಾಗಿ ಬಿಡುವುದು. ಲೀಟರಿಗೆ ಒಂದೂವರೆ ಗ್ರಾಂ ಸಾಕು, ಅದಕ್ಕಿಂತ ಹೆಚ್ಚು ಹಾಕಿದರೂ ಹೆಚ್ಚೇನೂ ಕರಗುವುದಿಲ್ಲ. "ಎಲೆಯಡಿಕೆಗೆ ಹಚ್ಚೋ ಸುಣ್ಣ ಆಗಲ್ವಾ?" ಎಂದು ನಮ್ಮವರು ಕೇಳಿಯೇ ಕೇಳುತ್ತಾರೆ. ವಸ್ತು ಅದೇ. ಆದರೆ ಅದರಲ್ಲಿ ಇನ್ನೇನೇನು ಬೆರೆತಿದೆಯೋ ಯಾರಿಗೂ ಗೊತ್ತಿಲ್ಲ. ಬಾಯಿಗೆ ಹಾಕಿದರೆ ಬೆರಳಂಚಿನಷ್ಟು, ಟ್ಯಾಂಕಿಗೆ ಹಾಕಿದರೆ ದಿನವೂ. ಬೇಡ.

ಖರ್ಚು ಬಹಳ ಕಡಿಮೆ. ಉಪ್ಪು ಸೇರಿಕೊಳ್ಳುವುದಿಲ್ಲ. ಎರಡೂ ಅಳತೆ ಸಮವಾಗಿ ಏರುತ್ತವೆ. ಎಲ್ಲಕ್ಕಿಂತ ದೊಡ್ಡ ಲಾಭ ಪಿಎಚ್. ಸುಣ್ಣದ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಮುಂಬೈನ ಫ್ಲ್ಯಾಟ್‌ಗಳಲ್ಲಿ ಇದು ಸಣ್ಣ ಮಾತಲ್ಲ. ರಾತ್ರಿ ಕಿಟಕಿ ಮುಚ್ಚಿ ಎಸಿ ಹಾಕಿ ನಾಲ್ಕು ಜನ ಮಲಗುವ ಕೋಣೆಯಲ್ಲೇ ಟ್ಯಾಂಕ್ ಇದ್ದರೆ ಬೆಳಗ್ಗೆ ಪಿಎಚ್ 7.8ಕ್ಕೆ ಬಂದಿರುವುದು ಸಾಮಾನ್ಯ. ರಾತ್ರಿ ಹೊತ್ತು ಸುಣ್ಣದ ತಿಳಿ ಹನಿಸಿದರೆ ಆ ಇಳಿತ ತಡೆಯುತ್ತದೆ.

ಆದರೆ ಇದಕ್ಕೊಂದು ಮಿತಿ ಇದೆ. ಆವಿಯಾದಷ್ಟೇ ಹಾಕಬಹುದು. 1 ಲೀಟರ್ ತಿಳಿ 100 ಲೀಟರ್ ಟ್ಯಾಂಕಿನಲ್ಲಿ ಸುಮಾರು 1.1 ಡಿಕೆಎಚ್, 8 ಪಿಪಿಎಂ ಕ್ಯಾಲ್ಸಿಯಂ ಏರಿಸುತ್ತದೆ. ದಿನಕ್ಕೆ 1 ಲೀಟರ್ ಆವಿಯಾಗುವ ಟ್ಯಾಂಕಿಗೆ ಇದು ಧಾರಾಳ, ಅರ್ಧ ಲೀಟರ್ ಆದರೆ ಶಕ್ತಿಯೂ ಅರ್ಧ. ಆವಿಯಾಗುವುದು ಊರಿನ ಗಾಳಿಯ ಮೇಲೆ ನಿಂತಿದೆ. ಪುಣೆಯ ಏಪ್ರಿಲ್ ಒಣಗಾಳಿಯಲ್ಲಿ ನೀರು ಬೇಗ ಇಳಿಯುತ್ತದೆ. ಮುಂಬೈ, ಗೋವಾದ ಜುಲೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಟ್ಯಾಂಕಿನ ನೀರು ಎಲ್ಲಿ ಆವಿಯಾದೀತು? ಬೇಸಿಗೆಯಲ್ಲಿ ಸುಣ್ಣದ ಮೇಲೆ ಆರಾಮಾಗಿ ನಡೆದ ಟ್ಯಾಂಕ್ ಮಳೆ ಹಿಡಿದ ಎರಡನೇ ವಾರದಿಂದ ಆಲ್ಕಲಿನಿಟಿ ಕಳೆದುಕೊಳ್ಳತೊಡಗುತ್ತದೆ. ಇನ್ನೊಂದು ವ್ಯತ್ಯಾಸ ತಂಪು ಮಾಡುವ ಬಗೆಯದು. ಫ್ಯಾನ್ ಹಾಕಿ ನೀರು ತಣಿಸುವವರಿಗೆ ಆವಿ ಜಾಸ್ತಿ, ಸುಣ್ಣಕ್ಕೆ ಜಾಗವೂ ಜಾಸ್ತಿ. ಚಿಲ್ಲರ್ ಇಟ್ಟು ಮೇಲೆ ಗಾಜು ಮುಚ್ಚಿದವರಿಗೆ ಕಡಿಮೆ.

ಅಪಾಯವೂ ಇದೆ. ತಿಳಿಯ ಪಿಎಚ್ 12ರ ಮೇಲೆ. ನೀರಿನ ಮಟ್ಟ ನೋಡುವ ಸೆನ್ಸರ್ ಸಿಕ್ಕಿಹಾಕಿಕೊಂಡು ಪಂಪ್ ಪೂರ್ತಿ ಕ್ಯಾನನ್ನು ಒಂದೇ ಸಲ ಸುರಿದರೆ ಬೆಳಗ್ಗೆಗೆ ಹವಳವೂ ಮೀನೂ ಹೋಗುತ್ತವೆ. ನಿಧಾನದ ಡೋಸಿಂಗ್ ಪಂಪಿನಿಂದ ಗಂಟೆಗಿಷ್ಟು ಎಂದು ಬಿಡುವುದು ಕ್ಷೇಮ. ಕ್ಯಾನಿಗೆ ಮುಚ್ಚಳ ಇರಲೇಬೇಕು. ತೆರೆದಿಟ್ಟರೆ ಮೇಲೆ ತೆಳ್ಳನೆಯ ಬಿಳಿ ಕೆನೆ ಕಟ್ಟುತ್ತದೆ, ಬೆರಳು ತಾಗಿದರೆ ಪುಡಿಪುಡಿಯಾಗಿ ಒಡೆಯುತ್ತದೆ. ಅದು ಗಾಳಿಗೆ ಸಿಕ್ಕಿ ವ್ಯರ್ಥವಾದ ಕ್ಯಾಲ್ಸಿಯಂ ಕಾರ್ಬೊನೇಟ್. ಪುಡಿ ಕದಡುವಾಗ ಕೈಗವಸು, ಕನ್ನಡಕ ಹಾಕಿ, ಮಕ್ಕಳನ್ನು ದೂರ ಇಡಿ.

ಕ್ಯಾಲ್ಸಿಯಂ ರಿಯಾಕ್ಟರ್

ಕೊಳವೆಯೊಳಗೆ ಹವಳದ ಚೂರು, ಅದಕ್ಕೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್. ಒಳಗಿನ ಪಿಎಚ್ 6.5ರ ಹತ್ತಿರ ಇಳಿದು ಚೂರು ಕರಗುತ್ತದೆ. ಕರಗಿದ್ದು ಟ್ಯಾಂಕಿಗೆ ಬರುತ್ತದೆ. ಶುರುವಿಗೆ ಹತ್ತಾರು ಸಾವಿರ ಬೇಕು, ಆಮೇಲೆ ಖರ್ಚು ಕಡಿಮೆ. ಟ್ಯಾಂಕಿನ ಪಿಎಚ್ ಇಳಿಸುತ್ತದೆ, ಅಂದರೆ ಮುಚ್ಚಿದ ಎಸಿ ಕೋಣೆಯವರಿಗೆ ಇದ್ದ ತೊಂದರೆ ಇನ್ನೂ ಹೆಚ್ಚು. ಸಿಲಿಂಡರ್ ತುಂಬಿಸಲು ಅಲೆಯಬೇಕು. 500 ಲೀಟರ್ ಮೀರಿದ, ಆಕ್ರೊಪೊರಾ, ಮಾಂಟಿಪೊರಾ ತುಂಬಿದ, ದಿನಕ್ಕೆ 2 ಡಿಕೆಎಚ್ ದಾಟಿದ ಟ್ಯಾಂಕಿನವರು ಯೋಚಿಸಲಿ. ಉಳಿದವರಿಗೆ ಇದು ಬರೀ ಶೋಕಿ.

ಉಳಿದ ಸಣ್ಣ ಬಾಟಲಿಗಳು

ಅಯೋಡಿನ್, ಸ್ಟ್ರಾನ್ಷಿಯಂ, ಪೊಟ್ಯಾಸಿಯಂ, "ಬಣ್ಣ ಬರಿಸುವ" ಹನಿಗಳು. ಅಂಗಡಿಯಲ್ಲಿ ಮುಂದಿನ ಸಾಲಿನಲ್ಲೇ ನಿಂತಿರುತ್ತವೆ. ಮನೆಯಲ್ಲಿ ಅಳೆಯಲು ಆಗದ್ದನ್ನು ಮನೆಯಲ್ಲಿ ಸುರಿಯಬೇಡಿ, ಇದು ನನ್ನ ನಿಯಮ. ಸಮುದ್ರದಲ್ಲಿ ಅಯೋಡಿನ್ ಇರುವುದು 0.06 ಪಿಪಿಎಂ. ನಾಲ್ಕು ಹನಿ ಜಾಸ್ತಿಯಾದರೆ ಅದು ಗೊಬ್ಬರವಲ್ಲ, ವಿಷ. ಒಳ್ಳೆಯ ಉಪ್ಪಿನಿಂದ ನೀರು ಬದಲಿಸುತ್ತಿದ್ದರೆ ಇವು ಬರುತ್ತಲೇ ಇರುತ್ತವೆ. ಗಟ್ಟಿ ಹವಳ ತುಂಬಿದ ಟ್ಯಾಂಕಿನವರು ನೀರನ್ನು ಐಸಿಪಿ ಪರೀಕ್ಷೆಗೆ (ನೀರಿನ ಧಾತುಗಳನ್ನು ಅಳೆಯುವ ಲ್ಯಾಬ್ ಪರೀಕ್ಷೆ) ಕಳಿಸಿ, ವರದಿ ನೋಡಿ, ಆಮೇಲೆ ತರಲಿ.

ಬಣ್ಣ ಮಂಕಾದರೆ ಮೊದಲು ನೈಟ್ರೇಟ್, ಫಾಸ್ಫೇಟ್ ನೋಡಿ. ಎರಡೂ ಸೊನ್ನೆ ಇದ್ದರೆ ಹವಳ ಹಸಿದಿದೆ ಅಂತ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಇರಲಿ. ಇವು ತೀರಾ ಕಡಿಮೆ ಇರುವ ಟ್ಯಾಂಕಿನಲ್ಲಿ ಆಲ್ಕಲಿನಿಟಿಯನ್ನು 10, 11ಕ್ಕೆ ಏರಿಸಿದರೆ ಆಕ್ರೊಪೊರಾದಂಥ ಎಸ್‌ಪಿಎಸ್ (ಸಣ್ಣ ಬಾಯಿಯ ಗಟ್ಟಿ) ಹವಳದ ತುದಿ ಸುಡುತ್ತದೆ.

ಯಾರಿಗೆ ಯಾವುದು

ಡೊಂಬಿವಲಿಯ 100 ಲೀಟರ್. ಖರ್ಚು ದಿನಕ್ಕೆ 0.4. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಲೋಕಲ್ ಹತ್ತಿದರೆ ರಾತ್ರಿಯೇ ವಾಪಸ್. ಟ್ಯಾಂಕ್ ಹಾಲಿನಲ್ಲಿದೆ, ಕಿಟಕಿ ತೆರೆದಿರುತ್ತದೆ, ಪಿಎಚ್ ತೊಂದರೆ ಇಲ್ಲ. ಇವರಿಗೆ ಒಂದೇ ಬಾಟಲಿ, ಒಂದೇ ಚಾನೆಲ್ಲಿನ ಚಿಕ್ಕ ಪಂಪ್. ಎರಡು ಬಾಟಲಿಯದು ಅಗ್ಗವೇನೋ ಹೌದು, ಆದರೆ ದಿನಕ್ಕೆ 8 ಮಿಲಿ ಲೆಕ್ಕದಲ್ಲಿ ಉಳಿಯುವ ದುಡ್ಡು ಎಷ್ಟು ಮಹಾ?

ಕೋಥ್ರೂಡಿನ 400 ಲೀಟರ್, ದಿನಕ್ಕೆ 1 ಡಿಕೆಎಚ್. ಇಲ್ಲಿ ಒಂದೇ ಬಾಟಲಿ ಜೇಬಿಗೆ ಭಾರ. ಮನೆಯಲ್ಲಿ ಮಾಡಿದ ಎರಡು ಬಾಟಲಿ ಮತ್ತು ಎರಡು ಚಾನೆಲ್ಲಿನ ಪಂಪ್, ಜೊತೆಗೆ ರಾತ್ರಿ ಹೊತ್ತು ಸ್ವಲ್ಪ ಸುಣ್ಣದ ತಿಳಿ. ಬೇಸಿಗೆಯಲ್ಲಿ ಸುಣ್ಣವೇ ಅರ್ಧ ಭಾರ ಹೊರುತ್ತದೆ, ಮಳೆಗಾಲದಲ್ಲಿ ಬಾಟಲಿಯ ಪಾಲು ಏರಿಸಬೇಕು. ಪಂಪ್ ಕೊಳ್ಳುವಾಗ ಕರೆಂಟ್ ಹೋಗಿ ಬಂದರೂ ಗಡಿಯಾರ ಮರೆಯದಂಥದ್ದು ಕೊಳ್ಳಿ. ಪುಣೆಯಲ್ಲಿ ಗುರುವಾರ ರಿಪೇರಿಗೆಂದು ಲೈನ್ ತೆಗೆಯುವುದು ಗೊತ್ತಿರುವುದೇ. ಗಡಿಯಾರ ಸೊನ್ನೆಗೆ ಬಂದರೆ ಎರಡೂ ಚಾನೆಲ್ ಒಟ್ಟಿಗೆ ಓಡಬಹುದು.

ವಾಸ್ಕೋದ ಹುಡುಗನದು ಎರಡು ಲೆದರ್, ಒಂದಷ್ಟು ಜೋವಾ, ಒಂದು ಜೋಡಿ ಕ್ಲೌನ್ ಮೀನು. ಅವನಿಗೆ ಹೇಳಿದ್ದು: ಬಾಟಲಿ ಬೇಡ, ಒಳ್ಳೆಯ ಉಪ್ಪು ತಗೋ, ಆಲ್ಕಲಿನಿಟಿ ಕಿಟ್ ಒಂದು ತಗೋ, ಉಳಿದ ದುಡ್ಡಿಗೆ ಡಿಐ ರೆಸಿನ್.

ಯಾವುದನ್ನೇ ಆರಿಸಿದರೂ ಲೆಕ್ಕದ ಅರ್ಧದಿಂದ ಶುರು ಮಾಡಿ. ಒಂದು ವಾರ ದಿನವೂ ಟೆಸ್ಟ್ ಮಾಡಿ, ಇಳಿಯುತ್ತಲೇ ಇದ್ದರೆ ಸ್ವಲ್ಪ ಸ್ವಲ್ಪ ಏರಿಸಿ. ಅಂಕಿ ನಿಂತ ಮೇಲೆ ವಾರಕ್ಕೊಮ್ಮೆ ನೋಡಿದರೆ ಸಾಕು. ಹೊಸ ಹವಳ ತಂದಾಗ, ಲೈಟ್ ಬದಲಿಸಿದಾಗ, ಮಳೆ ಶುರುವಾದಾಗ ಮತ್ತೆ ದಿನವೂ. ಆಲ್ಕಲಿನಿಟಿ ತುಂಬ ಬಿದ್ದಿದ್ದರೆ ಒಂದೇ ದಿನದಲ್ಲಿ ಎತ್ತಬೇಡಿ, ದಿನಕ್ಕೆ ಅರ್ಧದಿಂದ 1 ಡಿಕೆಎಚ್ ಸಾಕು. ತುಂಬ ಏರಿದ್ದರೆ ಹಾಕುವುದು ನಿಲ್ಲಿಸಿ ಸುಮ್ನೆ ಕೂರಿ, ಹವಳವೇ ಇಳಿಸಿಕೊಳ್ಳುತ್ತದೆ.

ಮೇ ತಿಂಗಳಲ್ಲಿ ಊರಿಗೆ ಹೊರಟವರಿಗೆ ಒಂದು ಲೆಕ್ಕ. ಹತ್ತು ದಿನದ ರಜೆ, ಖರ್ಚು ದಿನಕ್ಕೆ 0.1 ಆದರೆ ಇಳಿಯುವುದು 1 ಡಿಕೆಎಚ್. ಏನೂ ಮಾಡಬೇಡಿ, ಬಂದಮೇಲೆ ಸರಿಮಾಡಿ. ದಿನಕ್ಕೆ 0.3 ಆದರೆ 8.5 ಇದ್ದದ್ದು 5.5ಕ್ಕೆ ಬರುತ್ತದೆ, ಅದಕ್ಕೆ ಪಂಪ್ ಬೇಕೇ ಬೇಕು. ಹೊರಡುವ ಎರಡು ವಾರ ಮುಂಚೆಯೇ ಪಂಪ್ ಓಡಿಸಿ ನೋಡಿ. ಡಬ್ಬಿಯಲ್ಲಿ ಹನ್ನೆರಡು ದಿನಕ್ಕೆ ಸಾಕಾಗುವಷ್ಟೇ ದ್ರಾವಣ ಇಡಿ, ಪಂಪ್ ಕೆಟ್ಟು ಸುರಿದರೂ ಅದಕ್ಕೊಂದು ಮಿತಿ ಇರುತ್ತದೆ. ಸುಣ್ಣದ ಕ್ಯಾನನ್ನು ಆ ಹತ್ತು ದಿನ ತೆಗೆದು, ಬದಲಿಗೆ ಬರೀ ಡಿಐ ನೀರು ಇಡಿ. ಪಕ್ಕದ ಮನೆಯ ಆಂಟಿಗೆ ಬೀಗದ ಕೈ ಕೊಡಿ, ಬಾಟಲಿ ಕೊಡಬೇಡಿ. ಮೀನಿನ ಆಹಾರವನ್ನು ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ ಟ್ಯಾಂಕಿನ ಪಕ್ಕ ಇಡಿ, ಮಿಕ್ಕ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. "ಪಾಪ, ಹಸಿದಿತ್ತು" ಎಂದು ಅವರು ಒಂದು ಹಿಡಿ ಹಾಕಿದರೆ ಮೇಲಿನ ಯಾವ ಲೆಕ್ಕವೂ ಉಳಿಯುವುದಿಲ್ಲ.